ದಾಬೋಳಿ: ದಿಗ್ಬಂಧನಕ್ಕೆ ಹುಟ್ಟಿದ ವಿಮಾನ ನಿಲ್ದಾಣ

ನನ್ನ ಊರು ಬೆಳಗಾವಿಯ ಸಾಂಬ್ರಾ ಹತ್ತಿರ, ಅನ್ನ ಕೊಡುತ್ತಿರುವ ಊರು ಪುಣೆ. 1961ರ ಡಿಸೆಂಬರ್ 18ರ ಬೆಳಗ್ಗೆ ಈ ಎರಡೂ ಊರುಗಳ ವಾಯುನೆಲೆಗಳಿಂದ ಯುದ್ಧವಿಮಾನಗಳು ಗೋವಾಕ್ಕೆ ಹಾರಿದ್ದವು. ಅವತ್ತಿನ ಹಂಟರ್ ವಿಮಾನಗಳ ಸದ್ದಿಗೆ ಕೊಟ್ಟಿಗೆಯ ಎತ್ತುಗಳು ಹಗ್ಗ ಹರಿದುಕೊಂಡು ಓಡಿದ್ದನ್ನು ಅಜ್ಜ ಕೊನೆಯವರೆಗೂ ಹೇಳುತ್ತಿದ್ದ. ಪುಣೆಯ ಆಫೀಸಿನಲ್ಲಿ ಪ್ರತಿ ಡಿಸೆಂಬರಿನಲ್ಲೂ 'ಗೋವಾ ಪ್ಲಾನ್' ಶುರುವಾದಾಗ ನನಗೆ ಬೀಚಿಗಿಂತ ಮೊದಲು ನೆನಪಾಗುವುದು ಆ ಎತ್ತುಗಳು.

ದಾಬೋಳಿ ನಿಲ್ದಾಣವನ್ನು ಪ್ರವಾಸಿಗರಿಗಾಗಿ ಯಾರೂ ಕಟ್ಟಲಿಲ್ಲ. ಅದು ಹಟದಿಂದ ಹುಟ್ಟಿದ್ದು. 1954ರಲ್ಲಿ ಭಾರತ ಸರ್ಕಾರ ಗೋವಾದ ಮೇಲೆ ಆರ್ಥಿಕ ದಿಗ್ಬಂಧನ ಹೇರಿತು. ಅಲ್ಲಿಯವರೆಗೆ ಗೋವಾದ ಬೆನ್ನೆಲುಬು ನಮ್ಮ ಕಡೆಯಿಂದ ಹೋಗುತ್ತಿದ್ದ ರೈಲು. ಹುಬ್ಬಳ್ಳಿ, ಲೋಂಡಾ, ಕ್ಯಾಸಲ್‌ರಾಕ್ ದಾಟಿ ದೂಧಸಾಗರದ ಪಕ್ಕದಲ್ಲಿ ಘಟ್ಟ ಇಳಿದು ಅದು ಮುರಗಾಂವ್ ಬಂದರು ಸೇರುತ್ತಿತ್ತು. 1955ರ ಆಗಸ್ಟ್ 15ರಂದು ಗಡಿ ದಾಟಿದ ಸತ್ಯಾಗ್ರಹಿಗಳ ಮೇಲೆ ಪೋರ್ಚುಗೀಸರು ಗುಂಡು ಹಾರಿಸಿ ಹಲವರನ್ನು ಕೊಂದ ಮೇಲೆ ಆ ರೈಲೂ ನಿಂತಿತು.

ನೆಲದ ದಾರಿ ಮುಚ್ಚುತ್ತಿದ್ದಾಗಲೇ ಪೋರ್ಚುಗೀಸರು ಆಕಾಶದ ದಾರಿ ತೆರೆದರು. ವಾಸ್ಕೋ ಪಕ್ಕದ ಜಂಬಿಟ್ಟಿಗೆ ಕಲ್ಲಿನ ಬಯಲಿನಲ್ಲಿ ರನ್‌ವೇ ಎದ್ದಿತು. 1955ರ ಮೇ ತಿಂಗಳಲ್ಲಿ ಉದ್ಘಾಟನೆ ಆಯಿತು. ನಿಲ್ದಾಣಕ್ಕೆ ಆಗಿನ ಗವರ್ನರ್ ಜನರಲ್ ಬೆನಾರ್ಡ್ ಗೆಡೆಸ್ ಹೆಸರನ್ನೇ ಇಟ್ಟರು. ಟಿ.ಎ.ಐ.ಪಿ. ಎಂಬ ಅವರದೇ ವಿಮಾನ ಸಂಸ್ಥೆ ಇಲ್ಲಿಂದ ದಮನ್, ದೀವ್, ಕರಾಚಿಗೆ ಹಾರಿತು. ಮುಂದೆ ಲಿಸ್ಬನ್ನಿನವರೆಗೂ ಹೋಯಿತು. ಪಕ್ಕದ ಬೆಳಗಾವಿಗೆ ಹೋಗಲಾಗದವನು ಸಾವಿರಾರು ಮೈಲಿ ದೂರದ ಲಿಸ್ಬನ್ನಿಗೆ ಹೋಗಬಹುದಿತ್ತು! ಸಾಮ್ರಾಜ್ಯಗಳ ಭೂಗೋಳವೇ ಬೇರೆ.

ಡಿಸೆಂಬರ್ 18ರಂದು ಪುಣೆಯಿಂದ ಹೊರಟ 12 ಕ್ಯಾನ್‌ಬೆರಾ ವಿಮಾನಗಳು ದಾಬೋಳಿಯ ರನ್‌ವೇ ಮೇಲೆ 63,000 ಪೌಂಡ್ ಬಾಂಬು ಸುರಿದವು. ಸಾಂಬ್ರಾದ ಹಂಟರ್‌ಗಳು ಬಾಂಬೋಳಿಯ ವೈರ್‌ಲೆಸ್ ಕೇಂದ್ರವನ್ನು ಕೆಡವಿದವು. ಆದರೆ ಟರ್ಮಿನಲ್ ಕಟ್ಟಡವನ್ನೂ ಕಂಟ್ರೋಲ್ ಟವರನ್ನೂ ಮುಟ್ಟಬಾರದೆಂಬ ಆದೇಶವಿತ್ತು. ನಾಳೆ ನಮ್ಮದಾಗುವ ಮನೆಯನ್ನು ಯಾರು ಕೆಡವುತ್ತಾರೆ? ನಿಂತಿದ್ದ ಎರಡು ಪ್ರಯಾಣಿಕ ವಿಮಾನಗಳೂ ಉಳಿದುಕೊಂಡವು. ಆ ರಾತ್ರಿ ಪೋರ್ಚುಗೀಸರು ರನ್‌ವೇಯ ಒಂದು ತುಂಡನ್ನು ಅವಸರದಲ್ಲಿ ಸರಿಮಾಡಿ, ಅಧಿಕಾರಿಗಳ ಕುಟುಂಬದವರನ್ನು ಹತ್ತಿಸಿ, ಎರಡನ್ನೂ ಕತ್ತಲಲ್ಲೇ ಕರಾಚಿಗೆ ಹಾರಿಸಿಬಿಟ್ಟರು. ಮರುದಿನ ಗವರ್ನರ್ ವಸ್ಸಾಲೊ ಇ ಸಿಲ್ವಾ ಶರಣಾದರು.

ಆಮೇಲೆ ನಿಲ್ದಾಣ ನಾಗರಿಕರ ಕೈಗೆ ಬರಲಿಲ್ಲ. 1962ರಲ್ಲಿ ಅದು ನೌಕಾಪಡೆಗೆ ಹೋಯಿತು, 1964ರಲ್ಲಿ ಐ.ಎನ್.ಎಸ್. ಹಂಸ ನೆಲೆ ಅಲ್ಲಿಗೆ ಬಂತು. ವಾರದ ದಿನಗಳಲ್ಲಿ ಬೆಳಗಿನ ಹೊತ್ತು ನೌಕಾಪಡೆಯ ತರಬೇತಿಗೆ ಮೀಸಲು. ಜನರ ವಿಮಾನಗಳು ಅದು ಮುಗಿಯುವ ತನಕ ಕಾಯಬೇಕು. 1983ರಲ್ಲಿ ಕಾಮನ್‌ವೆಲ್ತ್ ನಾಯಕರು ವಿರಾಮಕ್ಕೆಂದು ಗೋವಾಕ್ಕೆ ಬಂದು ಹೋದರು, ಜಗತ್ತಿಗೆ ಈ ಕಡಲು ಕಂಡಿತು. 1987ರಲ್ಲಿ ಜರ್ಮನಿಯಿಂದ ಚಾರ್ಟರ್ ವಿಮಾನಗಳು ಶುರುವಾದವು. ತಮ್ಮ ನೀರು, ನೆಲ ಹೋಟೆಲುಗಳ ಪಾಲಾಗುತ್ತದೆಂದು ಗೋವನ್ನರು ಆಗಲೇ ಬೀದಿಗಿಳಿದು ಪ್ರತಿಭಟಿಸಿದರು. ಆದರೂ ಚಾರ್ಟರ್‌ಗಳು ನಿಲ್ಲಲಿಲ್ಲ. ಜನ ಹೆಚ್ಚಿ, 2013ರಲ್ಲಿ ದೊಡ್ಡ ಟರ್ಮಿನಲ್ ಬಂತು.

ಇಷ್ಟು ಪುಸ್ತಕಗಳಲ್ಲಿ ಸಿಗುವ ಚರಿತ್ರೆ. ಸಿಗದ ಇನ್ನೊಂದಿದೆ. ವಿಮೋಚನೆಯ ನಂತರ ಅದೇ ಘಟ್ಟದ ರೈಲು ಮತ್ತೆ ಓಡಿದಾಗ ಅದರಲ್ಲಿ ನಮ್ಮವರು ಇಳಿದರು. ವಿಜಯಪುರ, ಬಾಗಲಕೋಟೆ, ಗದಗ, ಧಾರವಾಡದ ಬರದ ಊರುಗಳಿಂದ ಬುತ್ತಿ ಕಟ್ಟಿಕೊಂಡು ಬಂದವರು. ಬಂದರಿನ ಕೂಲಿ, ರಸ್ತೆ, ಹೋಟೆಲ್ ಕಟ್ಟಡ ಎಲ್ಲದರಲ್ಲೂ ಅವರ ಕೈ ಇದೆ. ವಾಸ್ಕೋದ ಬಾಯ್ನಾ, ಝುವಾರಿನಗರಗಳಲ್ಲಿ ನಿಂತರೆ ಕಿವಿಗೆ ಬೀಳುವುದು ಉತ್ತರ ಕರ್ನಾಟಕದ ಕನ್ನಡ. ಊರಿನವರ ಬಾಯಲ್ಲಿ ಅವರು 'ಘಾಂಟಿ'ಗಳು, ಘಟ್ಟದ ಮೇಲಿನವರು. 2004ರಲ್ಲಿ ಬಾಯ್ನಾ ಕಡಲತೀರದ ಮನೆಗಳ ಮೇಲೆ ಬುಲ್ಡೋಜರ್ ಹರಿದಾಗ ನೆಲೆ ಕಳೆದುಕೊಂಡವರಲ್ಲಿ ನಮ್ಮ ಕಡೆಯವರೂ ಇದ್ದರು.

ಹೋದ ಸಲ ದಾಬೋಳಿಯಲ್ಲಿ ಟ್ರಾಲಿ ಜೋಡಿಸುತ್ತಿದ್ದ ಒಬ್ಬರು, ನಾನು ಫೋನಿನಲ್ಲಿ ಅವ್ವನ ಜೊತೆ ಮಾತಾಡುವುದನ್ನು ಕೇಳಿ ಹತ್ತಿರ ಬಂದರು.

"ಯಾವೂರ್ರೀ ಸರ ನಿಮ್ದು?"

"ಬೆಳಗಾವ್ರೀ, ಸಾಂಬ್ರಾ ಕಡೆ. ನಿಮ್ದ್ರೀ ಕಾಕಾ?"

"ಬಾದಾಮಿ ಬಾಜೂಕ ರೀ. ನಮ್ಮಪ್ಪ ಇಲ್ಲೇ ಬಂದರದಾಗ ಹಮಾಲಿ ಮಾಡಿದ. ನಾ ಹುಟ್ಟಿದ್ದ ವಾಸ್ಕೋದಾಗ."

ಮೋಪಾ ಬಗ್ಗೆ ಕೇಳಿದೆ. 2022ರ ಡಿಸೆಂಬರಿನಲ್ಲಿ ಉದ್ಘಾಟನೆಯಾಗಿ 2023ರ ಜನವರಿಯಲ್ಲಿ ಶುರುವಾದ ಆ ಹೊಸ ನಿಲ್ದಾಣ ಉತ್ತರ ಗೋವಾದ ಪೆಡ್ನೆಯಲ್ಲಿದೆ. ಕೆಲವು ಸಂಸ್ಥೆಗಳು ಆಗಲೇ ಅತ್ತ ಹೋಗಿವೆ. ದಾಬೋಳಿ ಮುಚ್ಚುವುದಿಲ್ಲ ಎಂದು ಸರ್ಕಾರ ಹೇಳುತ್ತಲೇ ಇದೆ, ದಕ್ಷಿಣ ಗೋವಾದವರ ಆತಂಕವೂ ಹಾಗೆಯೇ ಇದೆ.

"ವಿಮಾನಕ್ಕೇನ್ರೀ, ಅಲ್ಲೆ ಹೋಗಿ ಇಳೀತೈತಿ," ಅಂದರು. "ನಮ್ಮ ಮನಿ ಎತ್ತಿಕೊಂಡ ಹೋಗಾಕ ಬರ್ತದೇನ್ರೀ?"

ಪುಣೆಯಲ್ಲಿ ಬಾಡಿಗೆ ಕರಾರನ್ನು ಹನ್ನೊಂದು ತಿಂಗಳಿಗೊಮ್ಮೆ ಬದಲಿಸುವ ನನಗೆ ಉತ್ತರ ಹೊಳೆಯಲಿಲ್ಲ. ಇಂಥ ನಿಲ್ದಾಣದ ಚರಿತ್ರೆ ಬರೆಯುವವರು ಗವರ್ನರನ ಹೆಸರನ್ನು ಬರೆಯುತ್ತಾರೆ, ಬಾಂಬಿನ ತೂಕವನ್ನೂ ಬರೆಯುತ್ತಾರೆ. ಆ ಹಮಾಲಿಯ ಹೆಸರನ್ನು ನಾನೂ ಕೇಳಿಕೊಳ್ಳಲಿಲ್ಲ. ಅಷ್ಟರಲ್ಲಿ ಬೋರ್ಡಿಂಗ್ ಕರೆದರು.