ಸಿಡಿಲಿಗೆ ದಾರಿ ತೋರಿದ ಬೆಳಕು

ನಾವು ಒಂಬತ್ತನೇ ತರಗತಿಯಲ್ಲಿದ್ದಾಗ ಶಾಲೆಯ ಹಿಂದಿನ ತೆಂಗಿನ ಮರಕ್ಕೆ ಸಿಡಿಲು ಬಡಿಯಿತು. ಮರುದಿನ ವಿಜ್ಞಾನದ ಮೇಷ್ಟ್ರು ಸುಟ್ಟ ಸುಳಿಯನ್ನು ತೋರಿಸಿಯೇ ಪಾಠ ಮಾಡಿದರು. “ಸಾರ್, ಸಿಡಿಲು ಎಲ್ಲಿ ಬೀಳಬೇಕು ಅಂತ ನಾವೇ ಹೇಳೋಕಾಗಲ್ವಾ?” ಎಂದು ಕೇಳಿದ್ದೆ. “ಓದಿ ನೀನೇ ಕಂಡುಹಿಡಿ” ಎಂದರು. ನಾನು ಬಿ.ಇ. ಮುಗಿಸಿ ಸಾಫ್ಟ್‌ವೇರ್ ಕೆಲಸಕ್ಕೆ ಹೋದೆ. ಉತ್ತರ ಹುಡುಕಿದವರು ಬೇರೆಯವರು. ಅವರ ಕಥೆ ಇದು.

ಕಥೆ ಶುರುವಾಗುವುದು ಒಬ್ಬ ಮೇಷ್ಟ್ರಿಂದಲೇ. 1875ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದ ಶಿಕ್ಷಕರ ತರಬೇತಿ ಕಾಲೇಜಿನ ಅಧ್ಯಾಪಕ ಜಾನ್ ಕೆರ್, ಪ್ರಬಲ ವಿದ್ಯುತ್ ಕ್ಷೇತ್ರದಲ್ಲಿಟ್ಟ ಗಾಜಿನೊಳಗೆ ಬೆಳಕಿನ ನಡೆ ಬದಲಾಗುವುದನ್ನು ಕಂಡರು. 1960ರಲ್ಲಿ ಅಮೆರಿಕದ ಥಿಯೋಡೋರ್ ಮೈಮನ್ ಮೊದಲ ಲೇಸರ್ ಬೆಳಗಿಸಿದರು. ತೀವ್ರವಾದ ಬೆಳಕಿಗೆ ಹೊರಗಿನ ವಿದ್ಯುತ್ ಬೇಕಿಲ್ಲ. ತಾನು ಹಾಯುವ ವಸ್ತುವನ್ನೇ ಮಸೂರವಾಗಿಸಿ ಅದು ತನ್ನನ್ನು ತಾನೇ ಕೂಡಿಸಿಕೊಳ್ಳಬಲ್ಲದು ಎಂದು 1962ರಲ್ಲಿ ಸೋವಿಯತ್ ವಿಜ್ಞಾನಿ ಗುರ್ಗೆನ್ ಅಸ್ಕರಿಯಾನ್ ಹೇಳಿದರು.

ಗಾಳಿಯಲ್ಲಿ ಹಾಗಾಗಲು ಅಪಾರ ಶಕ್ತಿ ಬೇಕು. ಲೇಸರ್ ಮಿಡಿತವನ್ನು ಮೊದಲು ಹಿಗ್ಗಿಸಿ, ಬಲಪಡಿಸಿ, ಮತ್ತೆ ಕುಗ್ಗಿಸುವ ಉಪಾಯವನ್ನು 1985ರಲ್ಲಿ ಡೊನಾ ಸ್ಟ್ರಿಕ್‌ಲ್ಯಾಂಡ್ ಮತ್ತು ಜೆರಾರ್ ಮುರು ಕೊಟ್ಟರು. ಅದಕ್ಕೆ 2018ರಲ್ಲಿ ನೊಬೆಲ್ ಬಂತು. ಇಂಥ ಬೆಳಕು ಗಾಳಿಯಲ್ಲಿ ಹೊರಟರೆ ಒಂದೆಡೆ ತಾನೇ ಒಟ್ಟುಗೂಡುತ್ತದೆ. ಕೂಡಿದ ಬೆಳಕು ಗಾಳಿಯ ಅಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತಾಗ ಮತ್ತೆ ಚದುರುತ್ತದೆ. ಈ ಎಳೆದಾಟದಲ್ಲಿ ಕೂದಲಿನಷ್ಟು ತೆಳುವಾದ ಬೆಳಕಿನ ಎಳೆ ಹುಟ್ಟುತ್ತದೆ. ಮಿಡಿತದ ಹಿಗ್ಗು-ಕುಗ್ಗನ್ನೂ ಕನ್ನಡಿಗಳನ್ನೂ ಹೊಂದಿಸಿದರೆ ಎಳೆ ಎಲ್ಲಿ ಆರಂಭವಾಗಬೇಕೆಂಬುದನ್ನು ನಾವೇ ನಿರ್ಧರಿಸಬಹುದು.

2021ರ ಬೇಸಿಗೆಯಲ್ಲಿ ಸ್ವಿಟ್ಜರ್ಲೆಂಡಿನ ಸ್ಯಾಂಟಿಸ್ ಪರ್ವತದ ಮೇಲೆ ಇದರ ಪರೀಕ್ಷೆ ನಡೆಯಿತು. ಅಲ್ಲಿನ 124 ಮೀಟರ್ ಎತ್ತರದ ಗೋಪುರಕ್ಕೆ ವರ್ಷಕ್ಕೆ ಸುಮಾರು 100 ಬಾರಿ ಸಿಡಿಲು ಬಡಿಯುತ್ತದೆ. ಸೆಕೆಂಡಿಗೆ 1000 ಮಿಡಿತಗಳ ಲೇಸರನ್ನು ಗೋಪುರದ ತುದಿಯ ಪಕ್ಕದಿಂದ ಆಕಾಶಕ್ಕೆ ಹಾಯಿಸಿದರು. ಎಳೆಯ ಬಿಸಿಗೆ ಗಾಳಿ ವಿರಳವಾಗಿ, ಸಿಡಿಲಿಗೆ ಸಲೀಸಾದ ದಾರಿಯಾಯಿತು. ಒಂದು ಸಿಡಿಲು ಸುಮಾರು 50 ಮೀಟರ್ ದೂರ ಆ ದಾರಿಯಲ್ಲೇ ಸಾಗಿದ್ದನ್ನು ಕ್ಯಾಮೆರಾಗಳು ಸೆರೆಹಿಡಿದವು. ಕೆರ್ ಮೇಷ್ಟ್ರ ಗಾಜಿನಿಂದ ಅಲ್ಲಿಗೆ 146 ವರ್ಷ!

ಟನ್ನುಗಟ್ಟಲೆ ತೂಕದ ಆ ಲೇಸರ್ ನಮ್ಮೂರಿಗೆ ಸದ್ಯಕ್ಕೆ ಬರಲಾರದು. ಆದರೆ ಮೇಷ್ಟ್ರು ಅಂದು ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದ ಮಿಂಚುವಾಹಕವೂ ನಮ್ಮ ಶಾಲೆಯ ಮಾಳಿಗೆಯ ಮೇಲೆ ಇನ್ನೂ ಇಲ್ಲ. ಸುವರ್ಣ ಮಹೋತ್ಸವದ ನೆನಪಿಗೆ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ, ಮುಂದಿನ ಮಳೆಗಾಲದೊಳಗೆ ಅದನ್ನು ಹಾಕಿಸೋಣ. ನನ್ನ ಪಾಲಿನ ಹಣ ಸಿದ್ಧವಿದೆ.