ಮರಿ ಉಚ್ಚೆ ಹೊಯ್ದದ್ದು ಸೊಕ್ಕಿನಿಂದಲ್ಲ: ಒಂದು ತಪ್ಪು ತಿಳಿವಳಿಕೆಯ ಇತಿಹಾಸ

ಕೆಲವು ವರ್ಷಗಳ ಹಿಂದೆ ನಮ್ಮ ಮನೆಯಲ್ಲಿ ಒಂದು ಕಂದು ಬಣ್ಣದ ನಾಯಿಮರಿ ಇತ್ತು. ಅಪ್ಪ ಹೊಲದಿಂದ ಬಂದು ಗದರಿದರೆ ಸಾಕು, ನೆಂಟರು ಬಗ್ಗಿ ತಲೆ ಮುಟ್ಟಿದರೆ ಸಾಕು, ಕಿವಿ ಹಿಂದಕ್ಕೆ ಮಡಚಿ, ಬಾಲವನ್ನು ಕಾಲ ಸಂದಿಗೆ ಸೇರಿಸಿ, ಮಗ್ಗುಲಾಗಿ ಬಿದ್ದು ಉಚ್ಚೆ ಹೊಯ್ದುಬಿಡುತ್ತಿತ್ತು. ಬೈದೆವು. ಪೊರಕೆಯಲ್ಲಿ ಹೊಡೆದೆವು. ಮೂತಿಯನ್ನು ಅದೇ ಉಚ್ಚೆಗೆ ತಿಕ್ಕಿದೆವು. ಇನ್ನೂ ಜಾಸ್ತಿಯಾಯಿತು. "ನಾಯಿ ಬಾಲ ಯಾವತ್ತಿದ್ರೂ ಡೊಂಕೇ" ಎಂದು ಒಂದು ಸಂತೆಯ ದಿನ ಚೀಲದಲ್ಲಿ ಹಾಕಿಕೊಂಡು ಹೋಗಿ ಸಂತೆಮಾಳದಲ್ಲಿ ಬಿಟ್ಟು ಬಂದೆವು.

ತಪ್ಪು ಮರಿಯದಲ್ಲ, ನಮ್ಮದು ಎಂದು ತಿಳಿದದ್ದು ಆಮೇಲೆ. ಇದನ್ನು ತಿಳಿಯಲು ಓದಿದವರಿಗೂ ನೂರು ವರ್ಷ ಹಿಡಿದಿದೆ. ಆ ಕಥೆ ಇಲ್ಲಿದೆ.

ಬೆತ್ತದ ಕಾಲ

1872ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಡಾರ್ವಿನ್ ಮನುಷ್ಯ ಮತ್ತು ಪ್ರಾಣಿಗಳ ಭಾವನೆಗಳ ಬಗ್ಗೆ ಒಂದು ಪುಸ್ತಕ ಬರೆದರು. ಯಜಮಾನನ ಮುಂದೆ ನಾಯಿ ಮೈ ತಗ್ಗಿಸುವುದನ್ನು, ಕೆಲವೊಮ್ಮೆ ಹೊಟ್ಟೆ ಮೇಲೆ ಮಾಡಿ ಬೀಳುವುದನ್ನು ಅವರು ಗಮನಿಸಿದ್ದರು. ಅದರಲ್ಲಿ ಪ್ರೀತಿಯೂ ಇದೆ, ಅಂಜಿಕೆಗೆ ಹತ್ತಿರವಾದ ವಿಧೇಯತೆಯೂ ಇದೆ ಎಂದರು.

ಆದರೆ ನಾಯಿ ಪಳಗಿಸುವವರು ಹಿಡಿದ ದಾರಿ ಬೇರೆ. ಜರ್ಮನಿಯಲ್ಲಿ ಪೊಲೀಸ್ ನಾಯಿಗಳನ್ನು ಪಳಗಿಸುತ್ತಿದ್ದ ಕೊನ್ರಾಡ್ ಮೋಸ್ಟ್ 1910ರಲ್ಲಿ ಬರೆದ ಪುಸ್ತಕದಲ್ಲಿ ಒತ್ತಾಯಕ್ಕೆ ದೊಡ್ಡ ಜಾಗವಿತ್ತು. ನಾಯಿಗೆ ಯಜಮಾನ ಯಾರೆಂದು ತೋರಿಸಬೇಕು ಎಂಬ ಮಾತು ಬಹಳ ಕಾಲ ನಡೆಯಿತು.

ತೋಳ ಹೇಳಿಕೊಟ್ಟ ಪಾಠ

ಸ್ವಿಟ್ಜರ್ಲೆಂಡಿನ ರುಡಾಲ್ಫ್ ಶೆಂಕೆಲ್ ಬಾಸೆಲ್ ಮೃಗಾಲಯದ ತೋಳಗಳನ್ನು ನೋಡಿ 1947ರಲ್ಲಿ ಒಂದು ದೊಡ್ಡ ಬರಹ ಪ್ರಕಟಿಸಿದರು. ಆವರಣದೊಳಗಿನ ತೋಳಗಳಲ್ಲಿ ಮೇಲು–ಕೀಳಿನ ಪೈಪೋಟಿ ಅವರಿಗೆ ಕಂಡಿತ್ತು. ಜನ ಅದನ್ನೇ ಹಿಡಿದುಕೊಂಡು ಮನೆ ನಾಯಿಗೂ ಹಚ್ಚಿದರು.

ಅದೇ ಶೆಂಕೆಲ್ 1967ರಲ್ಲಿ ಬರೆದ ಇನ್ನೊಂದು ಲೇಖನ ನಮಗೆ ಮುಖ್ಯ. ಹುಟ್ಟಿದ ಹೊಸತರಲ್ಲಿ ಮರಿಗೆ ತಾನಾಗಿ ಉಚ್ಚೆ ಹೊಯ್ಯಲು ಬರುವುದಿಲ್ಲ. ತಾಯಿ ಹೊಟ್ಟೆಯ ಕೆಳಗೆ ನೆಕ್ಕಿದಾಗಲೇ ಹೊಯ್ಯುತ್ತದೆ. ಎರಡು ಮೂರು ವಾರ ಹೀಗೇ. ಆಗ ಮರಿ ಅಂಗಾತ ಮಲಗಿ ಸುಮ್ಮನಿರುತ್ತದೆ. ದೊಡ್ಡವರ ಮುಂದೆ ಬಿದ್ದು ಹೊಟ್ಟೆ ತೋರಿಸುವ ನಡವಳಿಕೆಯ ಬೇರು ಇಲ್ಲಿದೆ ಎಂದು ಶೆಂಕೆಲ್ ವಿವರಿಸಿದರು. ಇದು ಸೋಲಲ್ಲ, ಸ್ನೇಹ ಕೇಳುವ ರೀತಿ ಎಂಬುದು ಅವರ ಮಾತಿನ ಸಾರ. ಕೆಲವು ಮರಿಗಳು ಹಾಗೆ ಬಿದ್ದಾಗ ಉಚ್ಚೆಯನ್ನೂ ಹೊಯ್ಯುತ್ತವೆ. "ನಾನು ಇನ್ನೂ ಕೂಸು, ನನ್ನ ಮೇಲೆ ಸಿಟ್ಟು ಬೇಡ" ಎಂದಂತೆ.

ಅಂದರೆ ನಮ್ಮ ಕಂದು ಮರಿ ಕ್ಷಮೆ ಕೇಳುತ್ತಿತ್ತು. ನಾವು ಹೊಡೆದೆವು. ಅದು ಇನ್ನೂ ಜೋರಾಗಿ ಕ್ಷಮೆ ಕೇಳಿತು. ನಾವು ಇನ್ನೂ ಹೊಡೆದೆವು.

ತಪ್ಪು ತಿದ್ದಿಕೊಂಡವರು

ಇಷ್ಟಾದರೂ ಯಜಮಾನಿಕೆಯ ಮಾತು ನಿಲ್ಲಲಿಲ್ಲ. ಅಮೆರಿಕದ ನ್ಯೂ ಸ್ಕೀಟ್ ಮಠದ ಸನ್ಯಾಸಿಗಳು 1978ರ ತಮ್ಮ ಪುಸ್ತಕದಲ್ಲಿ ನಾಯಿಯನ್ನು ಅಂಗಾತ ಕೆಡವಿ ಹಿಡಿಯುವ ಶಿಕ್ಷೆಯನ್ನು ಹೇಳಿದ್ದರು. ಮುಂದೆ ಅವರೇ ಅದನ್ನು ಕೈಬಿಟ್ಟರು. ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ ಕಾಡು ತೋಳಗಳನ್ನು ವರ್ಷಗಟ್ಟಲೆ ನೋಡಿದ ಡೇವಿಡ್ ಮೆಕ್ 1999ರಲ್ಲಿ, ತೋಳದ ಗುಂಪೆಂದರೆ ಸಾಮಾನ್ಯವಾಗಿ ಅಪ್ಪ, ಅಮ್ಮ, ಮಕ್ಕಳ ಸಂಸಾರ ಎಂದು ಬರೆದರು. 2008ರಲ್ಲಿ ಅಮೆರಿಕದ ಪ್ರಾಣಿ ನಡವಳಿಕೆಯ ಪಶುವೈದ್ಯರ ಸಂಘವೂ ನಾಯಿಯ ನಡತೆ ತಿದ್ದಲು ಯಜಮಾನಿಕೆಯ ದಾರಿ ಹಿಡಿಯುವುದರ ವಿರುದ್ಧ ಎಚ್ಚರಿಸಿತು.

ಈಗ ಏನು ಮಾಡಬೇಕು?

ಮನೆಗೆ ಬಂದ ಕೂಡಲೇ ಮರಿಯನ್ನು ಮಾತಾಡಿಸಬೇಡಿ. ಐದು ನಿಮಿಷ ನೋಡದಂತೆ ಇದ್ದುಬಿಡಿ. ಆಮೇಲೆ ಅಂಗಳದಲ್ಲಿ ಪಕ್ಕಕ್ಕೆ ತಿರುಗಿ ಕುಕ್ಕರುಗಾಲಲ್ಲಿ ಕೂತುಕೊಳ್ಳಿ, ಅದೇ ಹತ್ತಿರ ಬರಲಿ. ಕಣ್ಣಲ್ಲಿ ಕಣ್ಣಿಟ್ಟು ದಿಟ್ಟಿಸಬೇಡಿ, ಮೇಲಿಂದ ಬಗ್ಗಬೇಡಿ. ತಲೆಯ ಬದಲು ಗದ್ದದ ಕೆಳಗೆ, ಎದೆಯ ಮೇಲೆ ಕೆರೆಯಿರಿ. ಉಚ್ಚೆ ಹೊಯ್ದರೆ ಒಂದು ಮಾತೂ ಆಡದೆ ಒರೆಸಿಬಿಡಿ. ಮನೆಗೆ ಬರುವವರಿಗೂ ಇದನ್ನೇ ಹೇಳಿ. ಧೈರ್ಯ ಬಂದಂತೆ ಹೆಚ್ಚಿನ ಮರಿಗಳು ಬೆಳೆಯುತ್ತಾ ಇದನ್ನು ಬಿಡುತ್ತವೆ.

ಒಂದು ಎಚ್ಚರಿಕೆ. ಯಾರೂ ಮಾತಾಡಿಸದಿದ್ದರೂ ಹನಿಹನಿ ಹೋಗುತ್ತಿದ್ದರೆ, ಮಲಗಿದಲ್ಲೇ ಒದ್ದೆಯಾಗುತ್ತಿದ್ದರೆ, ಉಚ್ಚೆಯಲ್ಲಿ ರಕ್ತ ಕಂಡರೆ ಅದು ಅಂಜಿಕೆಯಲ್ಲ, ಕಾಯಿಲೆ ಇರಬಹುದು. ಪಶು ಆಸ್ಪತ್ರೆಗೆ ಕರೆದೊಯ್ಯಿರಿ.

ಈಗ ನಮ್ಮ ಮನೆಯಲ್ಲಿ ಇನ್ನೊಂದು ಮರಿ ಇದೆ. ಅದೂ ಮೊದಮೊದಲು ಹಾಗೇ ಮಾಡುತ್ತಿತ್ತು. ಅಪ್ಪ ಈಗ ಗದರುವುದಿಲ್ಲ. ಬಂದವರು ಜಗಲಿಯ ಮೇಲೆ ಕೂತು, ಅದು ಬರುವ ತನಕ ಕಾಯುತ್ತಾರೆ. ಮೂರು ತಿಂಗಳಲ್ಲಿ ನಿಂತಿತು. ಸಂತೆಯ ದಿನ ಕಂದು ಬಣ್ಣದ ನಾಯಿ ಕಂಡರೆ ನಾವು ಇವತ್ತಿಗೂ ಒಮ್ಮೆ ತಿರುಗಿ ನೋಡುತ್ತೇವೆ.