ಚಂದ್ರನಲ್ಲೊಂದು ನಿವೇಶನ

ಮನೆ ಕಟ್ಟಹೊರಟವನು ಮೊದಲು ನೋಡುವುದು ನೀರಿನ ಆಸರೆಯನ್ನು, ಗಾಳಿ ಬೆಳಕುಗಳನ್ನು. ಚಂದ್ರನಲ್ಲಿ ನೆಲೆಯೂರಬೇಕೆಂದ ಮನುಷ್ಯನು ಮಾತ್ರ ಈ ಹಳೆಯ ವಿವೇಕಕ್ಕೆ ಬಹಳ ತಡವಾಗಿ ಬಂದನು.

1959ರಲ್ಲಿ ಅಮೆರಿಕದ ಭೂಸೇನೆಯು ‘ಪ್ರಾಜೆಕ್ಟ್ ಹೊರೈಜನ್’ ಎಂಬ ಹೆಸರಿನಲ್ಲಿ ಹನ್ನೆರಡು ಮಂದಿಯ ಚಂದ್ರಠಾಣ್ಯವೊಂದರ ಯೋಜನೆಯನ್ನು ಸಿದ್ಧಪಡಿಸಿತು. ಅದಕ್ಕೆ ಸ್ಥಳ ಹುಡುಕಿದ್ದು ನಮಗೆ ಕಾಣುವ ಚಂದ್ರಬಿಂಬದ ನಡುಭಾಗದಲ್ಲಿ. ಅಲ್ಲಿಂದ ಭೂಮಿ ಸದಾ ಕಾಣುವುದು. ಹೋಗುವುದೂ ಮಾತನಾಡುವುದೂ ಸುಲಭ. ಆ ಯೋಜನೆ ಕಾಗದದಲ್ಲಿಯೇ ಉಳಿಯಿತು. ಆದರೆ 1969ರಿಂದ 1972ರವರೆಗೆ ಇಳಿದ ಆರು ಅಪೊಲೊ ತಂಡಗಳೂ ಇದೇ ಮುಖದಲ್ಲಿ, ಚಂದ್ರನ ಮಧ್ಯರೇಖೆಗೆ ಬಹು ದೂರವಲ್ಲದ ಎಡೆಗಳನ್ನೇ ಆರಿಸಿಕೊಂಡವು. ಎಲ್ಲರೂ ಹಗಲಿನಲ್ಲಿ ಇಳಿದರು, ಹಗಲಿನಲ್ಲಿಯೇ ಹೊರಟರು. ಹೆಚ್ಚೆಂದರೆ ಮೂರು ದಿನ ತಂಗಿದರು. ಅವರು ಅತಿಥಿಗಳು. ಅತಿಥಿಗೆ ಇಳಿಯಲು ಮಟ್ಟಸವಾದ ನೆಲವಿದ್ದರೆ ಸಾಕು.

ನೆಲಸುವವನ ಪಾಡು ಬೇರೆ. ಅಲ್ಲಿಯ ಒಂದು ರಾತ್ರಿ ನಮ್ಮ ಹದಿನಾಲ್ಕು ದಿನಗಳಷ್ಟು ದೀರ್ಘ. ಚಳಿಯೋ ಶೂನ್ಯಕ್ಕಿಂತ 100 ಡಿಗ್ರಿಗೂ ಮಿಗಿಲಾಗಿ ಕೆಳಗಿಳಿಯುವಂಥದು. ಅಷ್ಟು ಕಾಲ ಸೂರ್ಯನಿಲ್ಲದೆ ವಿದ್ಯುತ್ತೆಲ್ಲಿ? ಉತ್ತರವು ಧ್ರುವಗಳಲ್ಲಿತ್ತು. ಭೂಮಿಯ ಅಕ್ಷ ಇಪ್ಪತ್ತಮೂರೂವರೆ ಡಿಗ್ರಿ ವಾಲಿದ್ದರೆ ಚಂದ್ರನದು ಕೇವಲ ಒಂದೂವರೆ ಡಿಗ್ರಿ. ಆದ್ದರಿಂದ ಧ್ರುವದಲ್ಲಿ ಸೂರ್ಯನು ದಿಗಂತದಂಚಿನಲ್ಲಿಯೇ ಸುತ್ತುತ್ತಾನೆ. ಕೆಲವು ಎತ್ತರದ ದಿಬ್ಬಗಳಿಗೆ ವರ್ಷದ ಬಹುಪಾಲು ಬಿಸಿಲು. ಪಕ್ಕದ ಆಳವಾದ ಕುಳಿಗಳಿಗೆ ಎಂದೆಂದೂ ಕತ್ತಲು. ಅಂಥ ಕುಳಿಗಳಲ್ಲಿ ಹಿಮ ಉಳಿದಿರಬಹುದೆಂದು ವಾಟ್ಸನ್, ಮರ್ರೆ, ಬ್ರೌನ್ ಎಂಬ ಮೂವರು ವಿಜ್ಞಾನಿಗಳು 1961ರಲ್ಲಿಯೇ ತರ್ಕಿಸಿದ್ದರು. 2008ರ ನವೆಂಬರ್ 14ರಂದು ನಮ್ಮ ಚಂದ್ರಯಾನ-1ರ ಶೋಧಕವೊಂದು ದಕ್ಷಿಣ ಧ್ರುವದ ಶ್ಯಾಕಲ್ಟನ್ ಕುಳಿಯ ಬಳಿ ಬಿದ್ದಿತು. ಮರುವರ್ಷ ಅಮೆರಿಕದವರು ಕೇಬಿಯಸ್ ಕುಳಿಗೆ ರಾಕೆಟ್ಟಿನ ಭಾಗವೊಂದನ್ನು ಅಪ್ಪಳಿಸಿದಾಗ ಮೇಲೆದ್ದ ಧೂಳಿನಲ್ಲಿ ನೀರು ಪತ್ತೆಯಾಯಿತು. ಕುಡಿಯುವ ನೀರು, ಉಸಿರಾಡುವ ಆಮ್ಲಜನಕ, ಮರಳುವ ನೌಕೆಗೆ ಇಂಧನ, ಮೂರೂ ಆ ಹಿಮದಿಂದ ದೊರೆಯಬಲ್ಲವು.

ರಾತ್ರಿಯ ಕ್ರೌರ್ಯವನ್ನು ನಾವೂ ಕಂಡಿದ್ದೇವೆ. 2023ರ ಆಗಸ್ಟ್ 23ರಂದು ಬೆಂಗಳೂರಿನ ನಿಯಂತ್ರಣ ಕೇಂದ್ರ ನೋಡನೋಡುತ್ತಿದ್ದಂತೆ ಚಂದ್ರಯಾನ-3 ಇಳಿದದ್ದು ದಕ್ಷಿಣ ಧ್ರುವದಿಂದ ಸುಮಾರು 600 ಕಿಲೋಮೀಟರ್ ಈಚೆಗೆ. ಒಂದು ಹಗಲು ದುಡಿದು ಮಲಗಿದ ವಿಕ್ರಮ, ಪ್ರಜ್ಞಾನಗಳು ಮತ್ತೆ ಏಳಲಿಲ್ಲ.

ಬಿಸಿಲೂ ಹಿಮವೂ ನೆರೆಹೊರೆಯಾಗಿರುವ ತಾಣಗಳು ಬಹಳವಿಲ್ಲ. ಅಮೆರಿಕವು 2022ರಲ್ಲಿ ಗುರುತಿಸಿದ ಹದಿಮೂರು ಪ್ರದೇಶಗಳು 2024ರಲ್ಲಿ ಒಂಬತ್ತಾದವು; ಚೀನದ ಕಣ್ಣೂ ಅದೇ ಧ್ರುವದ ಮೇಲಿದೆ. ಚಂದ್ರನ ನೆಲ ಯಾವ ರಾಷ್ಟ್ರದ ಸ್ವತ್ತೂ ಆಗಕೂಡದೆಂದು 1967ರ ಒಪ್ಪಂದ ಸಾರುತ್ತದೆ. ಆದರೆ ದಿಬ್ಬದ ಮೇಲೆ ಮೊದಲು ಸಲಕರಣೆ ಹೂಡಿದವನು, ನೆಲ ತನ್ನದೆನ್ನದೆಯೇ, ಅಲ್ಲಿಯ ಬಿಸಿಲನ್ನು ತನ್ನದಾಗಿಸಿಕೊಳ್ಳಬಲ್ಲನು. ನಿವೇಶನವನ್ನು ವಿಜ್ಞಾನ ತೋರಿಸಿಕೊಟ್ಟಿದೆ. ನೆರೆಯವನೊಡನೆ ಬಾಳುವ ಬಗೆಯನ್ನು ನಾವೇ ಕಲಿತು ಒಯ್ಯಬೇಕು.